ಸ್ಟಾನ್ಲಿ ಪಾರ್ಕಿನಲ್ಲಿ ಫಾಲ್ ಬಣ್ಣ ನೋಡಬೇಕಾ? ಸೀವಾಲ್ ಬಿಟ್ಟು ತೋಟದ ದಾರಿ ಹಿಡಿಯಿರಿ

ಕೆನಡಾದ ವ್ಯಾಂಕೂವರಿನಲ್ಲಿ ಅಕ್ಟೋಬರ್ ಅಂದರೆ ಫಾಲ್, ಎಲೆಗಳು ಬಣ್ಣ ಬದಲಾಯಿಸಿ ಉದುರುವ ಕಾಲ. ಅದು ಬಂತೆಂದರೆ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಪ್ಪ ಅಮ್ಮ ವ್ಯಾಂಕೂವರ್‌ಗೆ ಬಂದಿದ್ದಾರೆ. ಸ್ಟಾನ್ಲಿ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಮೂರು ಗಂಟೆ ನಡೆದೆವು. ಫೋಟೋಗಳಲ್ಲಿ ಕಾಣುವ ಕೆಂಪು, ಹಳದಿ ಎಲೆ ಸಿಗಲೇ ಇಲ್ಲ. ಬೇಗ ಹೋಗಿಬಿಟ್ಟೆವಾ?"

ಬೇಗ ಹೋಗಿರಲಿಲ್ಲ, ದಾರಿ ತಪ್ಪಿದ್ದು. ಅವರೆಲ್ಲ ಹೋಗಿದ್ದು ಸೀವಾಲ್ ಮೇಲೆ. ಅಂದರೆ ಪಾರ್ಕಿನ ಸುತ್ತ ಸಮುದ್ರದ ಅಲೆ ತಡೆಯಲು ಕಟ್ಟಿರುವ ಕಲ್ಲುಗೋಡೆ, ಅದರ ಮೇಲಿನ ಕಾಲುದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಕಾಡು. ಆ ಕಾಡಿನಲ್ಲಿ ಇರುವುದು ಜಾಸ್ತಿ ಸೀಡರ್, ಹೆಮ್ಲಾಕ್, ಡಗ್ಲಸ್ ಫರ್. ಇವು ಮೂರೂ ವರ್ಷವಿಡೀ ಹಸಿರಾಗಿರುವ ಜಾತಿ. ಅಕ್ಟೋಬರಿನಲ್ಲೂ ಹಸಿರು, ಜನವರಿಯಲ್ಲೂ ಹಸಿರು. ಬಣ್ಣ ಬದಲಾಯಿಸುವ ಮರಗಳು ಕೆರೆ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ, ಮತ್ತು ಮನುಷ್ಯರು ನೆಟ್ಟು ಬೆಳೆಸಿದ ಮೂರು ತೋಟಗಳಲ್ಲಿ ಇವೆ. ಈ ತೋಟಗಳೆಲ್ಲ ಪಾರ್ಕಿನ ದಕ್ಷಿಣ ತುದಿಯಲ್ಲಿ, ಊರಿಗೆ ಅಂಟಿಕೊಂಡಂತೆ ಇವೆ. ಪಾರ್ಕು ಸುಮಾರು 405 ಹೆಕ್ಟೇರ್ ಇದೆ. ಬಣ್ಣ ನೋಡಲು ಅದನ್ನೆಲ್ಲ ಸುತ್ತಬೇಕಿಲ್ಲ.

ಕೆಳಗಿನ ದಾರಿ ಸುಮಾರು ಆರೇಳು ಕಿಲೋಮೀಟರ್. ನಿಂತು, ಕೂತು, ಫೋಟೋ ತೆಗೆದು ನಡೆದರೆ ಮೂರೂವರೆ ಗಂಟೆ ಬೇಕು. ಏರು ಹೆಚ್ಚೇನೂ ಇಲ್ಲ. ಮಂಡಿ ನೋವಿರುವವರು ಅರ್ಧಕ್ಕೆ ನಿಲ್ಲಿಸಿ ಬಸ್ಸು ಹತ್ತಬಹುದು.

ಯಾವಾಗ ಹೋಗಬೇಕು

ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದವರೆಗೆ. ಚೆರ್ರಿ ಮರಗಳು ಮೊದಲು ಕಿತ್ತಳೆಯಾಗಿ ಮೊದಲೇ ಉದುರಿಬಿಡುತ್ತವೆ. ಜಪಾನೀ ಮೇಪಲ್‌ಗಳು ನಿಧಾನ. ಒಂದೇ ದಿನ ಎಲ್ಲವನ್ನೂ ನೋಡುವ ಆಸೆ ಇದ್ದರೆ ಅಕ್ಟೋಬರ್ ಮೂರನೇ ವಾರ ನೋಡಿ. ಹಗಲು ಬಿಸಿಲು, ರಾತ್ರಿ ಚಳಿ, ಹೀಗೆ ನಾಲ್ಕೈದು ದಿನ ಕಳೆದ ಮೇಲೆ ಹೋದರೆ ಕೆಂಪು ಚೆನ್ನಾಗಿರುತ್ತದೆ. ಹಳದಿ ಬಣ್ಣ ಎಲೆಯಲ್ಲಿ ಮೊದಲೇ ಇರುತ್ತದೆ, ಹಸಿರು ಹೋದಾಗ ಕಾಣುತ್ತದೆ ಅಷ್ಟೇ. ಕೆಂಪನ್ನು ಮಾತ್ರ ಎಲೆ ಆಗಲೇ ಹೊಸದಾಗಿ ತಯಾರಿಸಬೇಕು, ಅದಕ್ಕೆ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆ ಬೇಕು. ಮೋಡ ಮುಚ್ಚಿದ ವರ್ಷ ಕೆಂಪು ಮಂಕಾಗುವುದು ಇದಕ್ಕೇ.

ಜೋರು ಗಾಳಿ ಮಳೆಯ ಮುನ್ಸೂಚನೆ ಇದ್ದರೆ ಅದು ಬರುವ ಮುಂಚೆ ಹೋಗಿಬನ್ನಿ. "ಈ ವಾರ ಬೇಡ, ಮುಂದಿನ ವಾರ ಹೋಗೋಣ" ಅಂದವರಿಗೆ ಬರೀ ಕೊಂಬೆ ಸಿಗುತ್ತದೆ.

ಏನೇನು ಬೇಕು

ನೀರು ಒಳಗೆ ಹೋಗದ ಶೂ. ಇದೊಂದರಲ್ಲಿ ರಾಜಿ ಬೇಡ. ಒದ್ದೆ ಎಲೆ ಮೆತ್ತಿದ ದಾರಿ ಸೋಪು ಹಚ್ಚಿದಂತೆ ಜಾರುತ್ತದೆ, ಆದ್ದರಿಂದ ಅಡಿ ಸವೆದ ಶೂ ಬೇಡವೇ ಬೇಡ. ಅಮ್ಮಂದಿರು ಸೀರೆಯ ಜೊತೆ ಚಪ್ಪಲಿ ಹಾಕಿಕೊಂಡು ಹೊರಟರೆ ಬಾಗಿಲಲ್ಲೇ ತಡೆಯಿರಿ.

ಟೋಪಿ ಇರುವ ಮಳೆ ಜಾಕೆಟ್. ಇಲ್ಲಿಯ ಮಳೆ ಹೆಚ್ಚಾಗಿ ಜಿಟಿಜಿಟಿ ಸೋನೆ, ಛತ್ರಿ ಸಾಕು ಅನಿಸುತ್ತದೆ. ತೋಟದೊಳಗೆ ಸಾಕು, ಸಮುದ್ರದ ದಂಡೆಯಲ್ಲಿ ಸಾಲದು. ನನ್ನ ಮೊದಲ ವರ್ಷದ ಛತ್ರಿ ಪಾರ್ಕಿನ ಪೂರ್ವ ತುದಿಯ ಬ್ರಾಕ್ಟನ್ ಪಾಯಿಂಟ್‌ನಲ್ಲಿ ಹೂವಿನಂತೆ ಅರಳಿ ಅಲ್ಲೇ ಪ್ರಾಣ ಬಿಟ್ಟಿತು.

ಒಂದು ದಪ್ಪ ಕೋಟಿಗಿಂತ ಎರಡು ತೆಳ್ಳನೆಯ ಬಟ್ಟೆ ಮೇಲು. ಅಕ್ಟೋಬರಿನಲ್ಲಿ ಹಗಲು 13-14 ಡಿಗ್ರಿ ಇರುತ್ತದೆ. ನಡೆಯುವಾಗ ಬೆವರು, ಕೂತಾಗ ಚಳಿ. ಬೆಂಚಿನ ಮೇಲೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳಿ, ಬೆಂಚು ಯಾವಾಗಲೂ ಒದ್ದೆ. ಫ್ಲಾಸ್ಕಿನಲ್ಲಿ ಬಿಸಿ ಏನಾದರೂ ಇರಲಿ.

ಕಾರಿನಲ್ಲಿ ಬರುವವರಿಗೆ: ಪಾರ್ಕಿನೊಳಗೆ ಪಾರ್ಕಿಂಗಿಗೆ ದುಡ್ಡು ಕೊಡಬೇಕು. ಬ್ಯಾಗು, ಲ್ಯಾಪ್‌ಟಾಪು ಸೀಟಿನ ಮೇಲೆ ಕಾಣುವಂತೆ ಬಿಡಬೇಡಿ. ಬಸ್ಸಿನಲ್ಲಿ ಬರುವವರಿಗೆ ಡೌನ್‌ಟೌನಿನಿಂದ 19ನೇ ನಂಬರ್ ಇದೆ. ಅದು ಪಾರ್ಕಿನೊಳಗೇ ಹೋಗಿ ಅಲ್ಲೇ ತಿರುಗುತ್ತದೆ. ಆದರೆ ಬೆಳಿಗ್ಗೆ ಹೋಗುವಾಗ ಕೊನೆಯ ಸ್ಟಾಪಿನವರೆಗೆ ಹೋಗಬೇಡಿ. ಪಾರ್ಕಿನ ಬಾಗಿಲಿಗೆ ಮುಂಚೆ, ಜಾರ್ಜಿಯಾ ಬೀದಿಯಲ್ಲಿ ಇಳಿಯಿರಿ.

1. ಲಾಸ್ಟ್ ಲಗೂನ್: ನೀರಿನಿಂದ ಶುರು ಮಾಡಿ

ಜಾರ್ಜಿಯಾ ಬೀದಿ ಪಾರ್ಕಿಗೆ ಸೇರುವ ಕಡೆ ಎಡಕ್ಕೆ ಒಂದು ಕೆರೆ ಕಾಣುತ್ತದೆ. ಅದೇ ಲಾಸ್ಟ್ ಲಗೂನ್. ಲಗೂನ್ ಅಂದರೆ ಸಮುದ್ರದಿಂದ ಬೇರೆಯಾಗಿ ನಿಂತ ಹಿನ್ನೀರು. ಮೊದಲು ಇದು ಸಮುದ್ರದ ಭಾಗವೇ ಆಗಿತ್ತು. ಇಳಿತದ ಹೊತ್ತಿನಲ್ಲಿ ನೀರೆಲ್ಲ ಹೋಗಿ ಕೆಸರು ಉಳಿಯುತ್ತಿತ್ತು. ಇಲ್ಲಿ ದೋಣಿ ನಡೆಸುತ್ತಿದ್ದ ಕವಯಿತ್ರಿ ಪಾಲಿನ್ ಜಾನ್ಸನ್ ಇದನ್ನು 'ಕಳೆದುಹೋದ ಲಗೂನ್' ಎಂದು ಕರೆದದ್ದು ಅದಕ್ಕೇ. 1916ರ ಹೊತ್ತಿಗೆ ಕಾಜ್‌ವೇ ಬಂತು. ನೀರಿನ ಅಡ್ಡಕ್ಕೆ ಏರಿ ಹಾಕಿ ಮಾಡಿದ ರಸ್ತೆಗೆ ಕಾಜ್‌ವೇ ಎನ್ನುತ್ತಾರೆ. ಆಮೇಲೆ ನೀರು ಹೋಗಲಿಲ್ಲ, ಹೆಸರು ಮಾತ್ರ ಉಳಿಯಿತು.

ಬೆಳಿಗ್ಗೆ ಹತ್ತರೊಳಗೆ ಬಂದರೆ ಗಾಳಿ ಕಡಿಮೆ. ದಂಡೆಯ ಮರಗಳ ಬಣ್ಣ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಫೋಟೋ ಬೇಕಾದವರು ಇಲ್ಲೇ ಹೊಟ್ಟೆ ತುಂಬಾ ತೆಗೆದುಕೊಳ್ಳಿ. ಕೆರೆಯನ್ನು ಬಲಕ್ಕೆ ಇಟ್ಟುಕೊಂಡು ದಕ್ಷಿಣದ ದಂಡೆಯಲ್ಲಿ ಪಶ್ಚಿಮಕ್ಕೆ ನಡೆಯಿರಿ. ಬಾತುಕೋಳಿಗಳನ್ನೂ ಗಮನಿಸಿ. ಬೇಸಿಗೆಯಲ್ಲಿ ಇಲ್ಲದ ಹಲವು ಜಾತಿಗಳು ಚಳಿಗಾಲ ಕಳೆಯಲು ಈಗ ಬಂದಿಳಿಯುತ್ತವೆ. ಕರಿ ಬಿಳಿ ಬಣ್ಣದ, ಚೆಂಡಿನಷ್ಟೇ ಇರುವ ಬಾತು ಮುಳುಗಿ ಇನ್ನೆಲ್ಲೋ ಏಳುತ್ತಿದ್ದರೆ ಅದು ಬಫಲ್‌ಹೆಡ್.

*ಎಚ್ಚರ:* ಯಾವ ಪ್ರಾಣಿಗೂ ಏನೂ ತಿನ್ನಿಸಬೇಡಿ. ಬಾತಿಗೆ ಬ್ರೆಡ್ಡು, ಅಳಿಲಿಗೆ ಕಡಲೆಕಾಯಿ, ರಕೂನಿಗೆ ಬಿಸ್ಕತ್ತು, ಎಲ್ಲವೂ ತಪ್ಪು, ದಂಡ ಬೀಳುತ್ತದೆ. "ಪಾಪ, ಒಂದು ಚೂರು" ಅನ್ನುವ ಹಿರಿಯರಿಗೆ ಕಾರಣವನ್ನೂ ಹೇಳಿ. ತಿಂಡಿ ಇದ್ದಲ್ಲಿಗೆ ಕೊಯೋಟಿ ಬರುತ್ತದೆ. ಕೊಯೋಟಿ ಅಂದರೆ ತೋಳನ ಸಣ್ಣ ತಮ್ಮ ಅಂದುಕೊಳ್ಳಿ. 2020-21ರಲ್ಲಿ ಇದೇ ಪಾರ್ಕಿನಲ್ಲಿ ಅವು ಹಲವರನ್ನು ಕಚ್ಚಿದ್ದವು. ಎದುರಾದರೆ ಓಡಬೇಡಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿ, ಕೈ ಮೇಲೆತ್ತಿ ಜೋರಾಗಿ ಕೂಗಿ, ಮುಖ ತಿರುಗಿಸದೆ ಹಿಂದೆ ಸರಿಯಿರಿ.

2. ರೋಡೋಡೆಂಡ್ರನ್ ತೋಟ: ಇಲ್ಲಿ ಆತುರ ಬೇಡ

ಹದಿನೈದು ನಿಮಿಷ ನಡೆದರೆ ಒಂದು ಪುಟ್ಟ ಗಾಲ್ಫ್ ಮೈದಾನ ಸಿಗುತ್ತದೆ. ಪಿಚ್ ಅಂಡ್ ಪಟ್ ಎನ್ನುತ್ತಾರೆ, ಗಾಲ್ಫಿನ ಗಲ್ಲಿ ಕ್ರಿಕೆಟ್ ಆವೃತ್ತಿ. ಅದರ ಸುತ್ತ ಹಬ್ಬಿರುವುದೇ ಟೆಡ್ ಮತ್ತು ಮೇರಿ ಗ್ರೇಗ್ ರೋಡೋಡೆಂಡ್ರನ್ ತೋಟ. ಟಿಕೆಟ್ಟಿಲ್ಲ, ದೊಡ್ಡ ಗೇಟೂ ಇಲ್ಲ. ಹಾಗಾಗಿ ಜನ ಇದನ್ನು ಗಾಲ್ಫ್ ಆಡುವವರ ಜಾಗ ಅಂದುಕೊಂಡು ಪಕ್ಕದಲ್ಲೇ ಹಾದುಹೋಗುತ್ತಾರೆ. ನೀವು ಒಳಗಿನ ಕಾಲುದಾರಿಗೆ ಇಳಿಯಿರಿ.

ರೋಡೋಡೆಂಡ್ರನ್ ಮೇ ತಿಂಗಳ ಹೂವು. ಹಾಗಾದರೆ ಫಾಲ್‌ನಲ್ಲಿ ಏನಿದೆ? ನೆರಳಿಗಾಗಿ ಜೊತೆಗೆ ನೆಟ್ಟ ಮರಗಳಿವೆ. ಜಪಾನೀ ಮೇಪಲ್‌ಗಳು, ಮ್ಯಾಗ್ನೋಲಿಯಾಗಳು. ರೋಡೋಡೆಂಡ್ರನ್ನಿನ ನೆಂಟ ಅಜೇಲಿಯಾ, ಅದರಲ್ಲಿ ಎಲೆ ಉದುರಿಸುವ ಜಾತಿಗಳು ಈಗ ಹೂವಿಗೆ ಸವಾಲು ಹಾಕುವಷ್ಟು ಕೆಂಪಾಗಿರುತ್ತವೆ. ಹಿಂದೆ ರೋಡೋಡೆಂಡ್ರನ್ನಿನ ಕಡು ಹಸಿರು ಎಲೆಗಳ ಗೋಡೆ, ಮುಂದೆ ಒಂದು ಕೆಂಪು ಮೇಪಲ್. ಇಡೀ ಪಾರ್ಕಿನಲ್ಲಿ ಇಂಥ ಜಾಗ ಇನ್ನೊಂದಿಲ್ಲ, ನನ್ನ ಲೆಕ್ಕದಲ್ಲಿ.

ಒಂದು ರೋಡೋಡೆಂಡ್ರನ್ ಗಿಡದ ಹತ್ತಿರ ನಿಂತು ಟೊಂಗೆಯ ತುದಿ ನೋಡಿ. ಚರ್ಮದಂತೆ ದಪ್ಪ ಎಲೆಗಳು ಸುತ್ತಲೂ ಚಕ್ರದ ಹಾಗೆ ಕೂತಿರುತ್ತವೆ. ನಟ್ಟ ನಡುವೆ ಹೆಬ್ಬೆರಳಿನ ತುದಿಯಷ್ಟು ಗುಂಡನೆಯ ಮೊಗ್ಗು. ಒಂದರ ಮೇಲೊಂದು ಹೊದ್ದ ಹಸಿರು ಪೊರೆಗಳು, ಮೇಲೆ ಒಂದು ಹನಿ ನೀರು. ಮುಂದಿನ ಮೇ ತಿಂಗಳ ಇಡೀ ಹೂಗೊಂಚಲು ಈಗಲೇ ಅದರೊಳಗೆ ಮಡಚಿಕೊಂಡಿದೆ. ಪಕ್ಕದಲ್ಲೇ ತೆಳ್ಳಗೆ, ಚೂಪಾಗಿ ಇರುವುದು ಎಲೆಯ ಮೊಗ್ಗು. ಮುಟ್ಟಿ ನೋಡಿ, ಚಿವುಟಬೇಡಿ. ಚಿವುಟಿದರೆ ಒಂದು ವರ್ಷದ ಹೂವು ಹೋಯಿತು. ತುಂಬಾ ಚಳಿಯ ಬೆಳಿಗ್ಗೆ ಇದೇ ಎಲೆಗಳು ಜೋತುಬಿದ್ದು ಸುರುಳಿ ಸುತ್ತಿಕೊಂಡಿರುತ್ತವೆ. ಗಿಡ ಒಣಗಿದ್ದಲ್ಲ, ಚಳಿಗೆ ಮುದುಡಿದ್ದು. ಬಿಸಿಲೇರಿದರೆ ಬಿಚ್ಚಿಕೊಳ್ಳುತ್ತವೆ.

*ಎಚ್ಚರ:* ಮೇಪಲ್ ಕೆಳಗೆ ಪೋಸು ಕೊಡುವ ಮುಂಚೆ ಗಾಲ್ಫ್ ಆಡುವವರು ಯಾವ ಕಡೆ ಹೊಡೆಯುತ್ತಿದ್ದಾರೆ ನೋಡಿಕೊಳ್ಳಿ. ಹುಲ್ಲಿನ ಮೈದಾನಕ್ಕೆ ಇಳಿಯಬೇಡಿ.

ಇಲ್ಲೇ ಪಕ್ಕದಲ್ಲಿ ಟೆನಿಸ್ ಕೋರ್ಟುಗಳಿವೆ. ಅವುಗಳ ಮೇಲಿನ ಮರಗಳ ತುದಿ ನೋಡಿ. ಎಲೆ ಉದುರಿದ ಕೊಂಬೆಗಳಲ್ಲಿ ಕಡ್ಡಿಯ ದೊಡ್ಡ ದೊಡ್ಡ ಗೂಡುಗಳು. 2001ರಿಂದ ಗ್ರೇಟ್ ಬ್ಲೂ ಹೆರಾನ್ ಎಂಬ ಬೂದು ನೀಲಿ ಕೊಕ್ಕರೆಗಳು ಪ್ರತಿ ವಸಂತದಲ್ಲಿ ಇಲ್ಲಿ ಮರಿ ಮಾಡುತ್ತವೆ. ಈಗ ಮನೆ ಖಾಲಿ. ಆದರೆ ಗೂಡು ಸರಿಯಾಗಿ ಕಾಣುವುದು ಖಾಲಿ ಇದ್ದಾಗಲೇ.

3. ಸೆಕೆಂಡ್ ಬೀಚ್: ಸ್ವಲ್ಪ ಕೂತುಕೊಳ್ಳಿ

ತೋಟದಿಂದ ಕೆಲವೇ ನಿಮಿಷ. ಶೌಚಾಲಯ ಇದೆ, ಬೆಂಚು ಇದೆ, ಎದುರು ಇಂಗ್ಲಿಷ್ ಬೇ, ಸರದಿಯಲ್ಲಿ ನಿಂತ ಸರಕು ಹಡಗುಗಳು. ಫ್ಲಾಸ್ಕ್ ತೆಗೆಯಿರಿ. ಬಣ್ಣದ ದೃಷ್ಟಿಯಿಂದ ಇಲ್ಲಿ ಹೆಚ್ಚೇನಿಲ್ಲ.

4. ಉತ್ತರದ ದಂಡೆಯಲ್ಲಿ ವಾಪಸ್: ಕಾಡಿನ ಅಂಚು

ಮತ್ತೆ ಲಗೂನಿಗೆ ಬಂದು, ಈ ಸಲ ಉತ್ತರದ ದಂಡೆಯಲ್ಲಿ ಪೂರ್ವಕ್ಕೆ ನಡೆಯಿರಿ. ಕೆರೆ ಈಗಲೂ ಬಲಕ್ಕೇ ಇರುತ್ತದೆ. ಎಡಕ್ಕೆ ನಿಜವಾದ ಕಾಡು ಶುರುವಾಗುತ್ತದೆ. ಅಂಚಿನಲ್ಲಿ ಎರಡು ಬಗೆಯ ಮೇಪಲ್ ಗುರುತಿಸಿ.

ಬಿಗ್‌ಲೀಫ್ ಮೇಪಲ್: ಹೆಸರೇ ಹೇಳುತ್ತದೆ. ಒಂದೊಂದು ಎಲೆ ಒಂದು ಅಡಿ ಅಗಲದವರೆಗೂ ಬೆಳೆಯುತ್ತದೆ, ಊಟಕ್ಕೇ ಹಾಕಬಹುದು. ಬಣ್ಣ ಹಳದಿ. ವೈನ್ ಮೇಪಲ್: ಪೊದೆಯಂತೆ ಬಾಗಿದ ಸಣ್ಣ ಮರ. ಅಂಗೈಯಷ್ಟು ಎಲೆ, ಬೀಸಣಿಗೆಯಂತೆ ಏಳೆಂಟು ಮೊನೆ. ಬಿಸಿಲು ಬಿದ್ದಲ್ಲಿ ಕೆಂಪು, ನೆರಳಿನಲ್ಲಿ ಬರೀ ಹಳದಿ. ಒಂದೇ ಮರದ ಈ ಕಡೆ ಕೆಂಪು, ಆ ಕಡೆ ಹಳದಿ ಇದ್ದರೆ ಆಶ್ಚರ್ಯ ಬೇಡ. ಕೆನಡಾ ಬಾವುಟದ ಎಲೆ ಹುಡುಕುವ ಮಕ್ಕಳಿಗೆ ಮೊದಲೇ ಹೇಳಿಬಿಡಿ: 1965ರ ಆ ಬಾವುಟದ ಹನ್ನೊಂದು ಮೊನೆಯ ಎಲೆ ಒಂದು ಚಿತ್ರ, ಹಾಗೇ ಇರುವ ಎಲೆ ಯಾವ ಮರದಲ್ಲೂ ಸಿಗುವುದಿಲ್ಲ.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕಾಡಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ದೊಡ್ಡ ಮರ ಕಂಡು "ನೋಡಿ ಫಾಲ್ ಕಲರ್" ಎನ್ನುತ್ತಾರೆ. ಅದು ಹೆಮ್ಲಾಕ್ ಆಗಿದ್ದರೆ ಸತ್ತ ಮರ. ಹೆಮ್ಲಾಕ್ ಲೂಪರ್ ಎಂಬ ಪತಂಗದ ಹುಳು ಕೆಲವು ವರ್ಷ ಸತತವಾಗಿ ಎಲೆ ತಿಂದು ಈ ಪಾರ್ಕಿನ ಸುಮಾರು 1,60,000 ಮರಗಳಿಗೆ ಹಾನಿ ಮಾಡಿತು. ಬೀಳಬಹುದಾದ ಮರಗಳನ್ನು ಕಡಿಯುವ ಕೆಲಸ 2023ರಲ್ಲಿ ಶುರುವಾಯಿತು. ಸೀಡರ್ ಮರದ ಒಳಗಿನ ಟೊಂಗೆ ಮಾತ್ರ ಕೆಂಚಗಾಗಿದ್ದರೆ ಗಾಬರಿ ಬೇಡ. ಅದು ಹಳೆಯ ಎಲೆ ಬಿಡುವ ಕ್ರಮ, ಪ್ರತಿ ಫಾಲ್‌ನಲ್ಲೂ ಇದ್ದದ್ದೇ.

*ಎಚ್ಚರ:* ಕಾಲುದಾರಿಗೆ ಅಡ್ಡ ಟೇಪು ಕಟ್ಟಿ 'ಮುಚ್ಚಿದೆ' ಎಂದು ಬರೆದಿದ್ದರೆ ದಾಟಬೇಡಿ. ಡಿಸೆಂಬರ್ 2006ರ ಒಂದೇ ಬಿರುಗಾಳಿಗೆ ಇಲ್ಲಿ ಸುಮಾರು 10,000 ಮರ ಉರುಳಿದ್ದವು. ಗಾಳಿ ಜೋರಿದ್ದ ದಿನ ಈ ಭಾಗವನ್ನೇ ಬಿಡಿ, ಬಂದ ದಕ್ಷಿಣ ದಂಡೆಯಲ್ಲೇ ವಾಪಸ್ ಹೋಗಿ. ಅಣಬೆ ಕಂಡರೆ ನೋಡಿ ಖುಷಿಪಡಿ, ಕೀಳಬೇಡಿ. ಪಾರ್ಕಿನಲ್ಲಿ ಕೀಳುವಂತಿಲ್ಲ, ವಿಷದ್ದು ಯಾವುದು ಎಂದು ನೋಟದಿಂದ ಹೇಳಲೂ ಆಗದು.

5. ಕೆಳದಾರಿ ದಾಟಿ ಗುಲಾಬಿ ತೋಟಕ್ಕೆ

ದಂಡೆಯ ಪೂರ್ವ ತುದಿಗೆ ಬಂದರೆ ಕಾಜ್‌ವೇ ಅಡ್ಡ ಬರುತ್ತದೆ. ಮೇಲೆ ಹತ್ತಿ ರಸ್ತೆ ದಾಟುವ ಸಾಹಸ ಯಾರೂ ಮಾಡಬೇಡಿ. ಲಯನ್ಸ್ ಗೇಟ್ ಸೇತುವೆಗೆ ಹೋಗುವ ವಾಹನಗಳು ಅಲ್ಲಿ ನಿಲ್ಲುವುದಿಲ್ಲ. ನಡೆಯುವವರಿಗೆಂದೇ ರಸ್ತೆಯ ಕೆಳಗೆ ದಾರಿ ಇದೆ. ಅದರಲ್ಲಿ ದಾಟಿ, ಪೈಪ್‌ಲೈನ್ ರೋಡಿನ ಕಡೆಗೆ ನಡೆಯಿರಿ.

ಗುಲಾಬಿ ತೋಟ ಶುರುವಾಗಿದ್ದು 1920ರಲ್ಲಿ. ಅಕ್ಟೋಬರಿನಲ್ಲಿ ಕೊನೆಯ ಹೂಗಳಿರುತ್ತವೆ, ಒಂದಿಷ್ಟು ಮಳೆಗೆ ಕಂದಿರುತ್ತವೆ. ಜೂನಿನ ಫೋಟೋ ನೋಡಿಕೊಂಡು ಬಂದರೆ ನಿರಾಸೆ. ನಾನು ಇಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ.

6. ಷೇಕ್ಸ್‌ಪಿಯರ್ ತೋಟ: ಮರ ಓದುವ ಜಾಗ

ಗುಲಾಬಿ ತೋಟಕ್ಕೆ ಅಂಟಿಕೊಂಡೇ ಇದೆ, ಬೇಲಿ ಇಲ್ಲ. ನಾಟಕಗಳಲ್ಲಿ ಹೆಸರು ಬರುವ ಮರಗಳನ್ನು ನೆಟ್ಟು, ಕೆಲವಕ್ಕೆ ಆ ಸಾಲು ಬರೆದ ಫಲಕ ಹಾಕಿದ್ದಾರೆ. 1936ರಲ್ಲಿ ಇಟ್ಟ ಸ್ಮಾರಕವೂ ಇದೆ. ಮಕ್ಕಳಿಗೆ ಫಲಕ ಹುಡುಕುವ ಆಟ ಕೊಡಿ, ಅರ್ಧ ಗಂಟೆ ನಿಮಗೆ ಸಿಗುತ್ತದೆ. ಇಲ್ಲಿರುವುದು ಹೆಚ್ಚಾಗಿ ಅಗಲ ಎಲೆಯ ದೊಡ್ಡ ಮರಗಳು. ಮಧ್ಯಾಹ್ನದ ಬಿಸಿಲು ಅಡ್ಡಡ್ಡ ಬೀಳುವಾಗ ಎಲೆಯೊಳಗಿಂದ ಬೆಳಕು ತೂರಿ ಬರುತ್ತದೆ. ಬಿಸಿಲಿಗೆ ಬೆನ್ನು ಹಾಕಿ ಫೋಟೋ ತೆಗೆಯಬೇಡಿ. ಬಿಸಿಲನ್ನು ಮರದ ಹಿಂದೆ ಬಿಟ್ಟು ತೆಗೆಯಿರಿ, ಬಣ್ಣ ಇಮ್ಮಡಿ ಕಾಣುತ್ತದೆ.

ಸುಸ್ತಾದವರು ಇಲ್ಲಿಗೆ ಮುಗಿಸಿ. 19ನೇ ನಂಬರ್ ಬಸ್ಸಿನ ಕೊನೆಯ ಸ್ಟಾಪು ಹತ್ತಿರದಲ್ಲೇ ಇದೆ.

7. ಈಗ ಸೀವಾಲ್: ಬ್ರಾಕ್ಟನ್ ಪಾಯಿಂಟ್‌ವರೆಗೆ

ತೋಟಗಳಿಂದ ಕೆಳಗಿಳಿದು ಕೋಲ್ ಹಾರ್ಬರ್ ದಂಡೆಯ ಸೀವಾಲ್ ಹಿಡಿಯಿರಿ, ನೀರನ್ನು ಬಲಕ್ಕೆ ಇಟ್ಟುಕೊಂಡು. ಒಂದೂವರೆ, ಎರಡು ಕಿಲೋಮೀಟರ್. ಹಿಂದೆ ತಿರುಗಿದರೆ ಡೌನ್‌ಟೌನಿನ ಗಾಜಿನ ಕಟ್ಟಡಗಳು. ನಡುವೆ ಸಿಗುವ ಡೆಡ್‌ಮ್ಯಾನ್ಸ್ ಐಲೆಂಡ್ ನೌಕಾಪಡೆಯದು, ಒಳಗೆ ಬಿಡುವುದಿಲ್ಲ.

*ಎಚ್ಚರ:* ಸೀವಾಲ್‌ನಲ್ಲಿ ಸೈಕಲ್ಲಿಗೆ ಬೇರೆ ದಾರಿ, ಕಾಲ್ನಡಿಗೆಗೆ ಬೇರೆ ದಾರಿ. ನೆಲದ ಮೇಲೆ ಚಿತ್ರ ಬರೆದಿರುತ್ತದೆ. ಐದು ಜನ ಸಾಲಾಗಿ ಮಾತಾಡುತ್ತಾ ಸೈಕಲ್ ದಾರಿಗೆ ಹರಡಿಕೊಳ್ಳುವುದು ನಮ್ಮವರ ಮಾಮೂಲಿ ತಪ್ಪು. ಹಿಂದಿನಿಂದ ಗಂಟೆ ಕೇಳಿಸಿದರೆ ಗಾಬರಿಯಾಗಿ ಅಡ್ಡ ಹಾರಬೇಡಿ, ಇದ್ದಲ್ಲೇ ನಿಲ್ಲಿ. ಬಿರುಗಾಳಿ ಮತ್ತು ದೊಡ್ಡ ಭರತ ಒಟ್ಟಿಗೆ ಬಂದಾಗ ಅಲೆ ಗೋಡೆ ದಾಟಿ ಮರದ ದಿಮ್ಮಿಗಳನ್ನೇ ದಾರಿಗೆ ಎಸೆಯುತ್ತದೆ. ಆಗ ಸೀವಾಲ್ ಮುಚ್ಚುತ್ತಾರೆ. ಮುಚ್ಚಿದ್ದರೆ ತಿರುಗಿ ಬನ್ನಿ.

ತುದಿಯ ಹತ್ತಿರ ಟೋಟೆಮ್ ಕಂಬಗಳಿವೆ. ಒಂದು ಮನೆತನದ ಕಥೆ, ಲಾಂಛನಗಳನ್ನು ಇಡೀ ಸೀಡರ್ ದಿಮ್ಮಿಯ ಮೇಲೆ ಕೆತ್ತಿದ ಕಂಬಗಳು. ಇವು ಈ ಜಾಗದ ಮೂಲ ಜನರದ್ದು ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನವು ಉತ್ತರದ ಕರಾವಳಿಯ ಜನಾಂಗಗಳ ಕಲೆ. ಈ ನೆಲ ಮಸ್ಕ್ವಿಯಮ್, ಸ್ಕ್ವಾಮಿಷ್, ಸ್ಲೇವಾಟೂತ್ ಜನರದ್ದು. ಅವರ ಕೆತ್ತನೆ ನೋಡಬೇಕೆಂದರೆ ಅಲ್ಲೇ ಇರುವ ಮೂರು ಮರದ ದ್ವಾರಗಳನ್ನು ನೋಡಿ. ಮಸ್ಕ್ವಿಯಮ್ ಕಲಾವಿದೆ ಸೂಸನ್ ಪಾಯಿಂಟ್ ಮಾಡಿದ್ದು, 2008ರಲ್ಲಿ ನಿಲ್ಲಿಸಿದ್ದು. ಶೌಚಾಲಯವೂ ಇಲ್ಲೇ ಇದೆ.

ಉಳಿದ ಪ್ರಶ್ನೆಗಳು

*ಮಧ್ಯಾಹ್ನ ಮಾತ್ರ ಬಿಡುವು.* ಹಾಗಾದರೆ ದಾರಿಯನ್ನು ತಿರುಗಿಸಿ. 19ರಲ್ಲಿ ಕೊನೆಯ ಸ್ಟಾಪಿಗೆ ಹೋಗಿ, ಷೇಕ್ಸ್‌ಪಿಯರ್ ತೋಟದಿಂದ ಶುರು ಮಾಡಿ ಸೆಕೆಂಡ್ ಬೀಚಿನಲ್ಲಿ ಸೂರ್ಯಾಸ್ತಕ್ಕೆ ಮುಗಿಸಿ. ಟೋಟೆಮ್ ಕಂಬ ಇನ್ನೊಂದು ದಿನಕ್ಕಿರಲಿ. ಅಕ್ಟೋಬರ್ ಕೊನೆಯಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಮರದ ಕೆಳಗೆ ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಕತ್ತಲು.

*ವೀಲ್‌ಚೇರ್, ಮಗುವಿನ ಗಾಡಿ ಹೋಗುತ್ತದಾ?* ಸೀವಾಲ್‌ನಲ್ಲಿ ಆರಾಮಾಗಿ. ಲಗೂನಿನ ದಾರಿ ಹೆಚ್ಚಾಗಿ ಸಮತಟ್ಟು, ಮಳೆಯ ಮರುದಿನ ಸ್ವಲ್ಪ ಕೆಸರು. ರೋಡೋಡೆಂಡ್ರನ್ ತೋಟದ ಒಳದಾರಿಗಳು ಕಿರಿದು.

*ಆದರೂ ಸೀವಾಲ್ ಪೂರ್ತಿ ಸುತ್ತಲೇಬೇಕು.* ಸುತ್ತಿ, ಆದರೆ ಬೇರೆ ದಿನ. ಒಂಬತ್ತು ಕಿಲೋಮೀಟರಿಗೂ ಹೆಚ್ಚಿದೆ, ಎರಡೂವರೆ ಮೂರು ಗಂಟೆ. ಪಶ್ಚಿಮದ ಕಡೆ ಸಿವಾಶ್ ರಾಕ್ ಎಂಬ ಒಂಟಿ ಬಂಡೆ, ಅದರ ಹತ್ತಿರ ಜೇಮ್ಸ್ ಕನಿಂಗ್‌ಹ್ಯಾಮ್ ಹೆಸರಿನ ಫಲಕ ಸಿಗುತ್ತದೆ. 32 ವರ್ಷ ಈ ಗೋಡೆಗೆ ಕಲ್ಲು ಕೂರಿಸಿದ ಮೇಸ್ತ್ರಿ. 1917ರಲ್ಲಿ ಶುರುವಾದ ಗೋಡೆ ಪೂರ್ತಿ ಸುತ್ತು ಬಂದದ್ದು 1971ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

*ರಾತ್ರಿ ತೋಪು ಹಾರಿಸುತ್ತಾರಂತೆ?* ಹೌದು, ಬ್ರಾಕ್ಟನ್ ಪಾಯಿಂಟ್‌ಗೆ ಸ್ವಲ್ಪ ಮುಂಚೆ, ಸೀವಾಲ್ ಪಕ್ಕದಲ್ಲೇ. 1816ರಲ್ಲಿ ಎರಕ ಹೊಯ್ದ ತೋಪು, ಪ್ರತಿದಿನ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಹಾರುತ್ತದೆ. 1969ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನೇ ಕದ್ದೊಯ್ದು ತಮಾಷೆ ಮಾಡಿದ್ದರು. ಹತ್ತಿರ ನಿಲ್ಲುವುದಾದರೆ ಚಿಕ್ಕ ಮಕ್ಕಳ ಕಿವಿ ಮುಚ್ಚಿ. ಬಣ್ಣದ ನಡಿಗೆಯ ದಿನವೇ ಅದನ್ನೂ ನೋಡಲು ಹೊರಟರೆ ಮಧ್ಯೆ ಗಂಟೆಗಟ್ಟಲೆ ಚಳಿಯಲ್ಲಿ ಕಾಯಬೇಕು. ಮನೆಗೆ ಹೋಗಿ ಊಟ ಮಾಡಿ ಬನ್ನಿ, ಬರುವಾಗ ಟಾರ್ಚ್ ತನ್ನಿ.